ನೌಕರಿ ಇದ್ದರೆ ಜೀವನಾಂಶ ಇಲ್ಲವೇ? 8 ಲಕ್ಷದ ಇಡಿಗಂಟಿಗೆ ಸಹಿ ಹಾಕುವ ಮುನ್ನ

ಪ್ರಶ್ನೆ: ಮದುವೆಯಾಗಿ 9 ವರ್ಷ. ಕಳೆದ 2 ವರ್ಷದಿಂದ 7 ವರ್ಷದ ಮಗಳೊಂದಿಗೆ ಶಿವಮೊಗ್ಗದ ತವರಿನಲ್ಲಿದ್ದೇನೆ. ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತೇನೆ, 14,000 ರೂಪಾಯಿ ಸಂಬಳ. ಪತಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ನನ್ನ ಬಳಿ ಇರುವ ಹಳೆಯ ಸ್ಯಾಲರಿ ಸ್ಲಿಪ್ಪಿನಲ್ಲಿ ತಿಂಗಳಿಗೆ 1,20,000 ಇದೆ. ಮಾವನ ಹೆಸರಿನಲ್ಲಿ ಅಡಿಕೆ ತೋಟವಿದೆ. "ಮನೆ ಸಾಲದ ಕಂತೇ 42,000, ನೀನೂ ದುಡಿಯುತ್ತೀಯ, ಕೋರ್ಟಿಗೆ ಹೋದರೆ ಏನೂ ಸಿಗಲ್ಲ. ಒಪ್ಪಿಗೆಯ ಡಿವೋರ್ಸ್‌ಗೆ ಸಹಿ ಹಾಕು, ಮಗಳದ್ದೂ ಸೇರಿ 8 ಲಕ್ಷ ಒಂದೇ ಸಲ ಕೊಡ್ತೀನಿ" ಅನ್ನುತ್ತಾರೆ. ಹಿರಿಯರು ಛಾಪಾ ಕಾಗದದಲ್ಲಿ ಬರೆದು ಮುಗಿಸಿಕೊಳ್ಳಿ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಛಾಪಾ ಕಾಗದದ ವಿಷಯ ಮುಗಿಸೋಣ. ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆ ಛಾಪಾ ಕಾಗದದ ಮೇಲೆ, ನೋಟರಿ ಮುಂದೆ, ಪಂಚಾಯಿತಿಯಲ್ಲಿ ಮುರಿಯುವುದಿಲ್ಲ. ಸಮುದಾಯದಲ್ಲಿ ವಿಚ್ಛೇದನದ ರೂಢಿ ಇದೆ ಎಂದು ಸಾಕ್ಷ್ಯಸಮೇತ ಸಾಬೀತು ಮಾಡಿದರೆ ಮಾತ್ರ ಅದಕ್ಕೆ ಬೆಲೆ. ಆ ಸಾಬೀತು ಸುಲಭದ್ದಲ್ಲ. ಅದಕ್ಕಿಂತ ಹೆಚ್ಚು ಅಪಾಯ ಅಂಥ ಕಾಗದದಲ್ಲಿ ಸಾಮಾನ್ಯವಾಗಿ ಬರೆಸುವ ಒಂದು ಸಾಲಿನಲ್ಲಿದೆ: "ನಾವಿಬ್ಬರೂ ಪರಸ್ಪರ ಒಪ್ಪಿ ಬೇರೆಬೇರೆಯಾಗಿ ವಾಸಿಸುತ್ತಿದ್ದೇವೆ." ಜೀವನಾಂಶದ ಕಾನೂನಿನಲ್ಲಿ, ಮದುವೆ ಉಳಿದಿರುವಾಗ ಒಪ್ಪಿ ಬೇರೆ ವಾಸಿಸುವ ಹೆಂಡತಿಗೆ ಜೀವನಾಂಶ ಕೇಳುವ ಹಕ್ಕಿಲ್ಲ. ಅಂದರೆ ಆ ಕಾಗದ ನಿಮಗೆ ವಿಚ್ಛೇದನವನ್ನೂ ಕೊಡುವುದಿಲ್ಲ, ಜೀವನಾಂಶದ ಅರ್ಜಿಗೂ ಅಡ್ಡ ಬರುತ್ತದೆ. ನ್ಯಾಯಾಲಯದ ಮೂಲಕವೇ ಒಪ್ಪಿಗೆಯ ವಿಚ್ಛೇದನ ಪಡೆದವರಿಗೆ ಈ ಅಡ್ಡಿ ಇಲ್ಲವೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಹಿರಿಯರು ಕೂತು ಮಾತಾಡಲಿ, ಮೊತ್ತ ಕುದುರಿಸಲಿ. ಬರಹ ಮಾತ್ರ ವಕೀಲರ ಕೈಯಲ್ಲಾಗಿ ನ್ಯಾಯಾಲಯದ ಮುಂದೆ ಹೋಗಲಿ.

ಇನ್ನು "ನೀನೂ ದುಡಿಯುತ್ತೀಯ" ಎಂಬ ಮಾತು. ಕಾನೂನಿನಲ್ಲಿರುವ ಪದ "ತನ್ನನ್ನು ತಾನು ಪೋಷಿಸಿಕೊಳ್ಳಲಾರದ" ಎಂದು. ಹಾಗೆಂದರೆ ಬೀದಿಗೆ ಬಿದ್ದಿರಬೇಕು ಎಂದಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಹೆಂಡತಿಗೆ ಸ್ವಲ್ಪ ಸಂಪಾದನೆ ಇದೆ ಎಂಬುದೊಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕುವಂತಿಲ್ಲ ಎಂದು 2014ರಲ್ಲಿ, ದುಡಿಯುವ ಸಾಮರ್ಥ್ಯ ಇರುವುದೇ ಬೇರೆ, ನಿಜವಾಗಿ ದುಡಿಯುತ್ತಿರುವುದೇ ಬೇರೆ ಎಂದು 2017ರಲ್ಲಿ ಹೇಳಿತು. ಪತಿಯ ಮನೆಯಲ್ಲಿದ್ದಾಗ ಯಾವ ಮಟ್ಟದಲ್ಲಿ ಬದುಕುತ್ತಿದ್ದಿರೋ ಅದೇ ಅಳತೆಗೋಲು. ನಿಮ್ಮ 14,000 ಲೆಕ್ಕಕ್ಕೆ ಬರುತ್ತದೆ, ಮೊತ್ತವನ್ನು ಒಂದಿಷ್ಟು ಇಳಿಸುತ್ತದೆ; ಹಕ್ಕನ್ನು ಅಳಿಸುವುದಿಲ್ಲ. ಮಗಳ ಪಾಲಿಗೆ ನಿಮ್ಮ ನೌಕರಿ ಅಡ್ಡಿಯೇ ಅಲ್ಲ, ಆ ಭಾರ ಮುಖ್ಯವಾಗಿ ಹೆಚ್ಚು ಸಂಪಾದಿಸುವ ತಂದೆಯದು.

ಇಲ್ಲೇ ಬಹಳಷ್ಟು ಅರ್ಜಿದಾರರು ಎಡವುವುದು. ನೌಕರಿ ಮುಚ್ಚಿಟ್ಟು "ಯಾವುದೇ ಆದಾಯವಿಲ್ಲ" ಎಂದು ಪ್ರಮಾಣಪತ್ರ ಸಲ್ಲಿಸುತ್ತಾರೆ. ಎದುರಿನ ವಕೀಲರು ಪಾಟಿಸವಾಲಿನಲ್ಲಿ ಶಾಲೆಯ ಹಾಜರಿ ಪುಸ್ತಕವನ್ನೋ ಬ್ಯಾಂಕ್ ಖಾತೆಯ ವಿವರವನ್ನೋ ಮುಂದಿಟ್ಟರೆ ಅಲ್ಲಿಗೆ ಉಳಿದ ನಿಜಗಳೂ ಸುಳ್ಳಿನ ಬಣ್ಣ ಪಡೆಯುತ್ತವೆ. 14,000 ಎಂದು ನೀವೇ ಮೊದಲ ಪುಟದಲ್ಲಿ ಬರೆದರೆ ಅದು ನಿಮ್ಮ ಪರವಾಗಿಯೇ ಕೆಲಸ ಮಾಡುತ್ತದೆ: ಇಷ್ಟರಲ್ಲಿ ಇಬ್ಬರ ಜೀವನ ಹೇಗೆ ಎಂಬ ಪ್ರಶ್ನೆ ನ್ಯಾಯಾಧೀಶರ ಮನಸ್ಸಿನಲ್ಲಿ ತಾನಾಗಿ ಏಳುತ್ತದೆ.

ಈಗ ಮೊತ್ತ. ಶೇ 25 ಎಂಬ ಮಾತು ಎಲ್ಲರ ಬಾಯಲ್ಲಿದೆ. 2017ರ ಒಂದು ಪ್ರಕರಣದಲ್ಲಿ ಗಂಡನ ನಿವ್ವಳ ಸಂಬಳದ ಶೇ 25 ನ್ಯಾಯಯುತವೆಂದು ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಅದು ಸೂತ್ರವಲ್ಲ, ಕಡಿಮೆಯೂ ಆಗುತ್ತದೆ, ಹೆಂಡತಿ ಮಗು ಇಬ್ಬರೂ ಇದ್ದಾಗ ಹೆಚ್ಚೂ ಆಗುತ್ತದೆ, ಗಂಡನ ವಯಸ್ಸಾದ ತಂದೆತಾಯಿಯ ಭಾರವೂ ಲೆಕ್ಕಕ್ಕೆ ಬರುತ್ತದೆ. ನಿಜವಾದ ಜಗಳ ಶೇಕಡಾವಾರಿನದ್ದಲ್ಲ, "ನಿವ್ವಳ" ಎಂದರೇನು ಎಂಬುದರದ್ದು. ನಿಮ್ಮ ಅಂಕಿಗಳನ್ನೇ ಹಿಡಿಯೋಣ. 1,20,000ದಲ್ಲಿ ಆದಾಯ ತೆರಿಗೆ 7,500, ವೃತ್ತಿ ತೆರಿಗೆ 200 ಕಳೆದರೆ 1,12,300. ಅದರ ಶೇ 25 ಎಂದರೆ 28,075. ನಿಮ್ಮ ಪತಿ ಮಾಡುವ ಲೆಕ್ಕ ಬೇರೆ. ಭವಿಷ್ಯ ನಿಧಿಗೆ 7,200, ಮನೆ ಸಾಲಕ್ಕೆ 42,000 ಎಂದು ಕಳೆದು 63,100 ಮಾತ್ರ ಉಳಿಯುತ್ತದೆ ಎನ್ನುತ್ತಾರೆ. ಅದರ ಶೇ 25 ಆದರೆ 15,775. ತಿಂಗಳಿಗೆ 12,300 ರೂಪಾಯಿ ವ್ಯತ್ಯಾಸ, ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ.

ಯಾವ ಲೆಕ್ಕ ನಿಲ್ಲುತ್ತದೆ? ಕರ್ನಾಟಕ ಹೈಕೋರ್ಟ್ 2024ರಲ್ಲಿ ಬ್ಯಾಂಕ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಇದನ್ನೇ ತೀರ್ಮಾನಿಸಿತು: ಜೀವನಾಂಶ ನಿಗದಿಗೆ ಕಳೆಯಬೇಕಾದ್ದು ಆದಾಯ ತೆರಿಗೆ ಮತ್ತು ವೃತ್ತಿ ತೆರಿಗೆಯಂಥ ಕಡ್ಡಾಯ ಕಡಿತಗಳನ್ನು ಮಾತ್ರ, ಭವಿಷ್ಯ ನಿಧಿ, ಸಾಲದ ಕಂತು, ವಿಮೆ ಕಂತು ಇವೆಲ್ಲ ಕೊನೆಗೆ ನೌಕರನ ಲಾಭಕ್ಕೇ ಆಗುವಂಥವು. ಮನೆ ಸಾಲದ ಕಂತೆಂದರೆ ಅವರ ಹೆಸರಿನಲ್ಲಿ ಆಸ್ತಿ ಬೆಳೆಯುತ್ತಿದೆ ಎಂದೇ ಅರ್ಥ. ಆ ಮನೆಯಲ್ಲಿ ಈಗ ಯಾರಿದ್ದಾರೆ, ಬಾಡಿಗೆಗೆ ಕೊಟ್ಟಿದ್ದಾರೆಯೇ ಎಂಬುದನ್ನೂ ಪತ್ತೆ ಮಾಡಿ. ಬಾಡಿಗೆ ಬರುತ್ತಿದ್ದರೆ ಅದೂ ಆದಾಯ.

ಹಾಗೆಂದು ಮೊತ್ತವನ್ನು ಬಾಯಿಗೆ ಬಂದಂತೆ ಏರಿಸಬೇಡಿ. ತಿಂಗಳಿಗೆ 6 ಲಕ್ಷಕ್ಕೂ ಮೀರಿ ಕೇಳಿದ ಅರ್ಜಿಯೊಂದರ ವಿಚಾರಣೆ 2024ರಲ್ಲಿ ನಮ್ಮ ಹೈಕೋರ್ಟಿನಲ್ಲಿ ನಡೆದಾಗ ನ್ಯಾಯಮೂರ್ತಿಗಳು ವಕೀಲರನ್ನು ತರಾಟೆಗೆ ತೆಗೆದುಕೊಂಡ ವಿಡಿಯೊ ಊರೆಲ್ಲ ಹರಿದಾಡಿತ್ತು. ನಿಮ್ಮ ಪಟ್ಟಿಯಲ್ಲಿ ಮಗಳ ಶಾಲೆ ಶುಲ್ಕ, ವ್ಯಾನ್, ಔಷಧಿ, ತವರಿಗೆ ಕೊಡುತ್ತಿರುವ ಮನೆಖರ್ಚು, ಒಂದೊಂದಕ್ಕೂ ರಸೀದಿ ಇರಲಿ. ಮೂರು ತಿಂಗಳು ದಿನಸಿ ಅಂಗಡಿಯ ಚೀಟಿ ಕೂಡಿಟ್ಟವರು ದೊಡ್ಡ ಮೊತ್ತ ಕೇಳಿ ಬರಿಗೈಯಲ್ಲಿ ನಿಂತವರಿಗಿಂತ ಹೆಚ್ಚು ಪಡೆಯುತ್ತಾರೆ.

ಈಗ 8 ಲಕ್ಷ. ಒಂದೇ ಸಲ ಕೇಳಿದರೆ ದೊಡ್ಡ ಗಂಟು ಎನಿಸುತ್ತದೆ. ಮಗಳಿಗೆ 18 ತುಂಬಲು 11 ವರ್ಷ, ಅಂದರೆ 132 ತಿಂಗಳು. ಮಗಳೊಬ್ಬಳಿಗೇ ತಿಂಗಳಿಗೆ 10,000 ಎಂದರೂ 13,20,000 ಆಗುತ್ತದೆ. 8 ಲಕ್ಷವನ್ನು ಶೇ 7ರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ 56,000, ತಿಂಗಳಿಗೆ 4,667 ಬಡ್ಡಿ. ಅದರಲ್ಲಿ ನಿಮ್ಮ ಪಾಲೆಷ್ಟು, ಮಗಳ ಪಾಲೆಷ್ಟು? ಇಡಿಗಂಟು ಪಡೆಯುವುದೇ ತಪ್ಪೆಂದು ಹೇಳುತ್ತಿಲ್ಲ. ಪ್ರತಿ ತಿಂಗಳು ಬಾಕಿಗಾಗಿ ಕೋರ್ಟು ಅಲೆಯುವ ಕಷ್ಟ ತಪ್ಪುತ್ತದೆ, ಗಂಡ ನೌಕರಿ ಬಿಟ್ಟರೆ, ವಿದೇಶಕ್ಕೆ ಹೋದರೆ, ತೀರಿಕೊಂಡರೆ ಎಂಬ ಭಯವಿಲ್ಲ. ನೀವು ಮರುಮದುವೆಯಾದರೆ ತಿಂಗಳ ಜೀವನಾಂಶ ನಿಲ್ಲಬಹುದು, ಇಡಿಗಂಟು ನಿಮ್ಮ ಕೈಯಲ್ಲೇ ಉಳಿಯುತ್ತದೆ. ಆದರೆ ಒಮ್ಮೆ ಒಪ್ಪಿ ಪಡೆದ ಮೇಲೆ ಸಾಲದು ಎಂದು ಮತ್ತೆ ಕೇಳುವ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆಯೇ. ಮಗಳ ಹಕ್ಕು ಮಾತ್ರ ನೀವು ಬರೆದುಕೊಟ್ಟರೂ ಹೋಗುವುದಿಲ್ಲ, ಅದು ನಿಮ್ಮದಲ್ಲ, ಅವಳದು. ನನ್ನ ಅಭಿಪ್ರಾಯ ಕೇಳಿದರೆ, ಎರಡನ್ನೂ ಬೇರೆ ಮಾಡಿ: ನಿಮ್ಮದು ಇಡಿಗಂಟಾಗಿ, ಮಗಳದ್ದು ತಿಂಗಳ ಲೆಕ್ಕದಲ್ಲಿ, ಎರಡು ವರ್ಷಕ್ಕೊಮ್ಮೆ ಏರಿಕೆಯ ಷರತ್ತಿನೊಂದಿಗೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಿಂಗಳಿಗೆ 50,000 ಶಾಶ್ವತ ಜೀವನಾಂಶ ಕೊಡಿಸಿದಾಗ ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆಯನ್ನೂ ಸೇರಿಸಿತ್ತು. ಏರಿಕೆ ಬರೆಸದಿದ್ದರೆ, ಇಂದಿನ 10,000 ಮಗಳು ಹತ್ತನೇ ತರಗತಿಗೆ ಬರುವಾಗಲೂ 10,000ವೇ.

ಒಪ್ಪಿಗೆಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂನಡಿ ಎರಡು ಹಂತ. ಮೊದಲ ಅರ್ಜಿ, ಆರು ತಿಂಗಳ ಕಾಯುವಿಕೆ, ನಂತರ ಎರಡನೆಯದು. ರಾಜಿ ನಿಜವಾಗಿ ಪೂರ್ಣಗೊಂಡಿದ್ದು, ದೀರ್ಘಕಾಲದಿಂದ ಬೇರೆ ಇದ್ದರೆ ಈ ಆರು ತಿಂಗಳನ್ನು ನ್ಯಾಯಾಲಯ ಮನ್ನಾ ಮಾಡಬಹುದೆಂದು 2017ರಲ್ಲಿ ತೀರ್ಮಾನವಾಗಿದೆ. ಎರಡನೇ ಹಂತಕ್ಕೆ ಮುನ್ನ ಯಾರು ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು, ಹೀಗಾಗಿ ಹಣದ ಹಂತಗಳನ್ನೂ ಅದಕ್ಕೆ ತಕ್ಕಂತೆ ಕಟ್ಟಬೇಕು: ಮೊದಲ ಅರ್ಜಿಯ ದಿನ ಒಂದು ಭಾಗ, ಉಳಿದದ್ದು ಎರಡನೇ ದಿನ ನ್ಯಾಯಾಧೀಶರೆದುರು ಡಿಮ್ಯಾಂಡ್ ಡ್ರಾಫ್ಟ್ ರೂಪದಲ್ಲಿ. ಮುಂದಿನ ತಾರೀಖಿನ ಚೆಕ್ ಬೇಡ. "ಪೂರ್ಣ ಹಣ ಸಂದಿದೆ" ಎಂಬ ವಾಕ್ಯ ಹಣ ಕೈಗೆ ಬಂದ ದಿನವೇ ಬರಲಿ, ಅದಕ್ಕೆ ಮುಂಚೆ ಅಲ್ಲ. ಒಡವೆ, ಪಾತ್ರೆ, ಬಟ್ಟೆ, ಮಗಳ ಜನನ ಪ್ರಮಾಣಪತ್ರ ಎಲ್ಲದರ ಪಟ್ಟಿ ರಾಜಿ ಪತ್ರಕ್ಕೆ ಲಗತ್ತಾಗಲಿ. ಸ್ತ್ರೀಧನ ನಿಮ್ಮ ಸ್ವತ್ತು, ಅದನ್ನು ಜೀವನಾಂಶದ ಮೊತ್ತದೊಳಗೆ ಸೇರಿಸಿ ಲೆಕ್ಕ ತೋರಿಸಲು ಬಿಡಬೇಡಿ. ಹಣದ ಬದಲು ನಿವೇಶನ ಕೊಡುವ ಮಾತು ಬಂದರೆ, ನೋಂದಣಿ ವಿಚ್ಛೇದನಕ್ಕೆ ಮುಂಚೆಯೇ ಆಗಲಿ. ಗಂಡಹೆಂಡತಿಯ ನಡುವಿನ ದಾನಪತ್ರಕ್ಕಿರುವ ಮುದ್ರಾಂಕ ಶುಲ್ಕದ ರಿಯಾಯಿತಿ ಆಮೇಲೆ ಸಿಗುವುದಿಲ್ಲ.

ಮಾತುಕತೆ ಮುರಿದರೆ, ಅಥವಾ ಮಾತುಕತೆ ಸರಿಯಾಗಿ ನಡೆಯಲೆಂದೇ, ಜೀವನಾಂಶದ ಅರ್ಜಿ ಹಾಕಿ. ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಜೀವನಾಂಶದ 125ನೇ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ನೀವು ವಾಸವಿರುವ ಊರಿನಲ್ಲೇ ಹಾಕಬಹುದು, ಬೆಂಗಳೂರಿಗೆ ಹೋಗಬೇಕಿಲ್ಲ. ಕೌಟುಂಬಿಕ ನ್ಯಾಯಾಲಯದ ವ್ಯಾಪ್ತಿಯಿದ್ದರೆ ಅಲ್ಲಿ, ಇಲ್ಲದಿದ್ದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಜೆಎಂಎಫ್‌ಸಿ ನ್ಯಾಯಾಲಯದಲ್ಲಿ. ಮುಖ್ಯ ಅರ್ಜಿಯ ಜೊತೆಗೇ ಮಧ್ಯಂತರ, ಅಂದರೆ ಮೊಕದ್ದಮೆ ಮುಗಿಯುವವರೆಗಿನ, ಜೀವನಾಂಶದ ಅರ್ಜಿಯೂ ಇರಲೇಬೇಕು. ನೋಟಿಸ್ ತಲುಪಿದ 60 ದಿನಗಳಲ್ಲಿ ಅದನ್ನು ತೀರ್ಮಾನಿಸಬೇಕೆಂದು ಕಾನೂನು ಹೇಳುತ್ತದೆ. ವಾಸ್ತವದಲ್ಲಿ ನೋಟಿಸ್ ತಲುಪುವುದೇ ದೊಡ್ಡ ಸಾಹಸ. ಪತಿಯ ಮನೆ ವಿಳಾಸ, ಕಚೇರಿ ವಿಳಾಸ, ಹಳ್ಳಿಯ ವಿಳಾಸ ಮೂರನ್ನೂ ಕೊಡಿ. "ಬಾಗಿಲು ಹಾಕಿದೆ" ಎಂಬ ಷರಾ ಬರೆದು ವಾಪಸಾಗುವ ಅಂಚೆಯಲ್ಲೇ ತಿಂಗಳುಗಟ್ಟಲೆ ಹೋಗುತ್ತದೆ.

ಬೇಗ ಹಾಕಿ ಎನ್ನುವುದಕ್ಕೆ ಕಾರಣವಿದೆ. "ರಜನೀಶ್ ವಿರುದ್ಧ ನೇಹಾ" ಎಂದು ವಕೀಲರು ದಿನಬೆಳಗಾದರೆ ಹೇಳುವ 2020ರ ನವೆಂಬರ್ 4ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶವನ್ನು ಆದೇಶದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ ಕೊಡಿಸಬೇಕೆಂದು ನಿಗದಿ ಮಾಡಿತು. ಹತ್ತು ತಿಂಗಳಾದ ಮೇಲೆ 25,000ದ ಆದೇಶವಾದರೆ ಎರಡೂವರೆ ಲಕ್ಷ ಬಾಕಿಯೂ ಸೇರಿ ಬರುತ್ತದೆ. ನೀವು ಅರ್ಜಿಯಿಲ್ಲದೆ ಕಳೆದ 24 ತಿಂಗಳಿಗೆ ಅದೇ ದರ ಹಿಡಿದರೆ 6 ಲಕ್ಷ. ಪತಿ ಕೊಡುತ್ತೇನೆ ಎನ್ನುತ್ತಿರುವ 8 ಲಕ್ಷದ ಪಕ್ಕ ಈ ಅಂಕಿಯನ್ನು ಇಟ್ಟು ನೋಡಿ.

ಅದೇ ತೀರ್ಪು ಇಬ್ಬರೂ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ ಸಲ್ಲಿಸುವುದನ್ನು ಕಡ್ಡಾಯ ಮಾಡಿತು. ನಿಜ ಹೇಳಬೇಕೆಂದರೆ ಮೊಕದ್ದಮೆ ಗೆಲ್ಲುವುದೂ ಸೋಲುವುದೂ ಈ ಕಾಗದದಲ್ಲೇ. ವಕೀಲರ ಗುಮಾಸ್ತರು ಹಳೆಯ ನಮೂನೆ ಎದುರಿಗಿಟ್ಟು "ಅನ್ವಯಿಸುವುದಿಲ್ಲ, ಅನ್ವಯಿಸುವುದಿಲ್ಲ" ಎಂದು ತುಂಬಿಕೊಟ್ಟರೆ ಸಹಿ ಹಾಕಬೇಡಿ. ಒಂದು ಸಂಜೆ ಕೂತು ನೀವೇ ತುಂಬಿ. ಪತಿ ನಾಲ್ಕು ವಾರದಲ್ಲಿ ತಮ್ಮದನ್ನು ಸಲ್ಲಿಸಬೇಕು. ಬಂದ ಕೂಡಲೇ ನಿಮ್ಮ ಬಳಿಯ ದಾಖಲೆಗಳ ಎದುರು ಸಾಲು ಸಾಲಾಗಿ ಹೋಲಿಸಿ. ಹಳೆಯ ಸ್ಲಿಪ್ಪಿನಲ್ಲಿ 1,20,000 ಇದ್ದವರು ಈಗ 80,000 ಎಂದು ತೋರಿಸಿದರೆ ಫಾರ್ಮ್ 16, ಮೂರು ವರ್ಷದ ಬ್ಯಾಂಕ್ ವಿವರ ಹಾಜರುಪಡಿಸಲು, ಅಗತ್ಯವಿದ್ದರೆ ಕಂಪನಿಯಿಂದಲೇ ಸಂಬಳದ ದಾಖಲೆ ತರಿಸಲು ಅರ್ಜಿ ಹಾಕಿಸಿ. ಬೇಕೆಂದೇ ನೌಕರಿ ಬಿಟ್ಟು "ನಿರುದ್ಯೋಗಿ" ಎಂದರೂ ನಡೆಯುವುದಿಲ್ಲ. ಮೈಯಲ್ಲಿ ಶಕ್ತಿಯಿರುವ ಗಂಡಸು ಕೂಲಿ ಮಾಡಿಯಾದರೂ ಸಾಕಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಓದು, ಅನುಭವ, ಹಿಂದಿನ ಸಂಬಳ ನೋಡಿ ನ್ಯಾಯಾಲಯ ಆದಾಯವನ್ನು ತಾನೇ ಅಂದಾಜಿಸುತ್ತದೆ.

ಅಡಿಕೆ ತೋಟದ ವಿಷಯ: ಭೂಮಿ ತಂತ್ರಾಂಶದಿಂದ ಪಹಣಿ ತೆಗೆಸಿ. 9ನೇ ಕಲಂನಲ್ಲಿ ಮಾವನ ಹೆಸರಿದ್ದ ಮಾತ್ರಕ್ಕೆ ನಿಮ್ಮ ಪತಿಗೆ ಸಂಬಂಧವಿಲ್ಲ ಎಂದಾಗುವುದಿಲ್ಲ. ಮ್ಯುಟೇಶನ್‌ನ ಎಂ.ಆರ್. (ಹಕ್ಕು ಬದಲಾವಣೆ ದಾಖಲೆಯ) ಸಂಖ್ಯೆ ಹಿಡಿದು ಹಿಂದಕ್ಕೆ ಹೋಗಿ: ಪಿತ್ರಾರ್ಜಿತವಾಗಿ ಬಂದ ಜಮೀನಾದರೆ ಮಗನಿಗೆ ಹುಟ್ಟಿನಿಂದ ಪಾಲಿದೆ, ಮಾವ ಸ್ವಂತ ದುಡಿಮೆಯಿಂದ ಕೊಂಡದ್ದಾದರೆ ಅದನ್ನು ಪತಿಯ ಆದಾಯಕ್ಕೆ ಸೇರಿಸಲು ಬರುವುದಿಲ್ಲ, ಸುಮ್ಮನೆ ಹಟ ಹಿಡಿಯಬೇಡಿ. 12ನೇ ಕಲಂನಲ್ಲಿ ಬೆಳೆ ಮತ್ತು ವಿಸ್ತೀರ್ಣ ಇರುತ್ತದೆ. ಅಡಿಕೆ ಮಾರಿದ ಹಣ ಯಾರ ಖಾತೆಗೆ ಬಿದ್ದಿದೆ ಎಂಬುದು ಸೊಸೈಟಿ ಅಥವಾ ಮಂಡಿಯ ಲೆಕ್ಕದಲ್ಲಿ ಸಿಗುತ್ತದೆ. ತಂದೆಯ ತೋಟದ ದುಡ್ಡು ಮಗನ ಖಾತೆಗೆ ಬರುತ್ತಿರುವುದು ನಮ್ಮ ಮಲೆನಾಡಿನಲ್ಲಿ ಅಪರೂಪವಲ್ಲ.

ನೀವು ಅರ್ಜಿ ಹಾಕಿದ ಮೇಲೆ ಒಂದು ಲಾಯರ್ ನೋಟಿಸ್ ಬರುವ ಸಾಧ್ಯತೆ ಹೆಚ್ಚು: "ಕಾರಣವಿಲ್ಲದೆ ಮನೆ ಬಿಟ್ಟಿದ್ದೀರಿ, ಬಂದು ಸಂಸಾರ ಮಾಡಿ." ನಂತರ ಹಿಂದೂ ವಿವಾಹ ಕಾಯ್ದೆಯ 9ನೇ ಕಲಂನಡಿ ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆಯ ದಾವೆ. ಸಕಾರಣವಿಲ್ಲದೆ ಗಂಡನ ಜೊತೆ ಇರಲೊಪ್ಪದ ಹೆಂಡತಿಗೆ ಜೀವನಾಂಶವಿಲ್ಲ ಎಂಬ ನಿಯಮವನ್ನು ಬಳಸಿಕೊಳ್ಳುವ ಹಳೆಯ ಪಟ್ಟು ಇದು. ಅಂಥ ಡಿಕ್ರಿ ಆಗಿದ್ದರೂ ಜೀವನಾಂಶ ತಾನಾಗಿ ತಪ್ಪುವುದಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆದರೂ ನೋಟಿಸಿಗೆ ಉತ್ತರ ಕೊಡದೆ ಸುಮ್ಮನಿರಬೇಡಿ. ಏಕೆ ಬಂದಿರಿ, ಯಾವ ದಿನ ಬಂದಿರಿ, ಆಮೇಲೆ ಅವರು ಒಮ್ಮೆಯಾದರೂ ಕರೆಯಲು ಬಂದರೇ ಎಂಬುದನ್ನು ತಾರೀಖು ಸಮೇತ ಬರೆಯಿರಿ.

ಪತಿಯೇ ಬೆಂಗಳೂರಿನಲ್ಲಿ ವಿಚ್ಛೇದನದ ದಾವೆ ಹೂಡಿದರೆ ಅದರೊಳಗೇ ಹಿಂದೂ ವಿವಾಹ ಕಾಯ್ದೆಯ 24ನೇ ಕಲಂನಡಿ ಮಧ್ಯಂತರ ಜೀವನಾಂಶವನ್ನೂ ವ್ಯಾಜ್ಯದ ಖರ್ಚನ್ನೂ ಕೇಳಬಹುದು. ದಾವೆಯನ್ನು ಶಿವಮೊಗ್ಗಕ್ಕೆ ವರ್ಗಾಯಿಸಲು ಹೈಕೋರ್ಟಿಗೆ ಹೋಗಬಹುದು. ಕೌಟುಂಬಿಕ ದೌರ್ಜನ್ಯ ನಡೆದಿದ್ದರೆ 2005ರ ಕಾಯ್ದೆಯ ದಾರಿಯೂ ಇದೆ. ಅದರ 20ನೇ ಕಲಂನಲ್ಲಿ, ಹಣ ಕಟ್ಟದ ಗಂಡನ ಸಂಬಳದಿಂದ ನೇರವಾಗಿ ನಿಮಗೆ ಕೊಡುವಂತೆ ಕಂಪನಿಗೇ ಆದೇಶಿಸುವ ಅಧಿಕಾರವಿದೆ. ಸಂಬಳದಾರರ ವಿಷಯದಲ್ಲಿ ಇದಕ್ಕಿಂತ ಚುರುಕಾದ ಅಸ್ತ್ರ ಇಲ್ಲ. ಎರಡು ಕಡೆ ಅರ್ಜಿ ಹಾಕಬಹುದು, ಎರಡು ಪಟ್ಟು ಹಣ ಸಿಗುವುದಿಲ್ಲ. ಒಂದರಲ್ಲಾದ ಆದೇಶವನ್ನು ಇನ್ನೊಂದರಲ್ಲಿ ನೀವೇ ತಿಳಿಸಬೇಕು, ಹೊಂದಾಣಿಕೆ ಮಾಡುತ್ತಾರೆ.

ಆದೇಶವಾದರೂ ಹಣ ಬರದಿದ್ದರೆ? 144ನೇ ಕಲಂನಡಿ ಬಾಕಿ ವಸೂಲಿಗೆ ಅರ್ಜಿ ಹಾಕಬೇಕು. ಅದಕ್ಕೆ ಒಂದು ವರ್ಷದ ಗಡುವಿದೆ. ಬಾಕಿಯಾದ ದಿನದಿಂದ ವರ್ಷ ಕಳೆದ ಕಂತಿಗೆ ಈ ದಾರಿಯಲ್ಲಿ ವಾರಂಟ್ ಸಿಗುವುದಿಲ್ಲ. "ಒಟ್ಟಿಗೆ ಕೇಳೋಣ" ಎಂದು ಮೂರು ವರ್ಷ ಕಾದವರು ಎರಡು ವರ್ಷದ ಹಣಕ್ಕೆ ಬೇರೆ ದಾರಿ ಹುಡುಕುವಂತಾಗುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆರು ತಿಂಗಳಿಗೊಮ್ಮೆ ಅರ್ಜಿ ಹೋಗಲಿ. ಮೊದಲು ಎಫ್‌ಎಲ್‌ಡಬ್ಲ್ಯು, ಅಂದರೆ ದಂಡದಂತೆ ವಸೂಲಿ ಮಾಡುವ ವಾರಂಟ್. ಅದಕ್ಕೂ ಜಗ್ಗದಿದ್ದರೆ ಒಂದು ತಿಂಗಳವರೆಗೆ ಸೆರೆ. ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ, ಹಣ ಕೊಟ್ಟಾಗಲೇ ತೀರುವುದು. ಸಿವಿಲ್ ಡಿಕ್ರಿಯಂತೆ ಅಮಲ್ಜಾರಿ ಮಾಡಿಸಿ ಸಂಬಳ ಜಪ್ತಿ ಮಾಡಿಸುವುದೂ ಸಾಧ್ಯ. ಸಾಮಾನ್ಯ ಸಾಲಗಾರನ ಸಂಬಳಕ್ಕಿಂತ ಇಲ್ಲಿ ಹಿಡಿತ ಬಿಗಿ: ಜೀವನಾಂಶದ ಡಿಕ್ರಿಯಲ್ಲಿ ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ರಕ್ಷಣೆ.

ಖರ್ಚಿನ ಚಿಂತೆ ಇದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ, ನಿಮ್ಮ ನೌಕರಿ ಇದಕ್ಕೂ ಅಡ್ಡಿಯಲ್ಲ. ಸಹಾಯವಾಣಿ 15100. ಮದುವೆ ಪ್ರಮಾಣಪತ್ರ ಇಲ್ಲದಿದ್ದರೆ ಲಗ್ನಪತ್ರಿಕೆ ಮತ್ತು ಫೋಟೊ, ಮಗಳ ಜನನ ಪ್ರಮಾಣಪತ್ರ, ಆ ಹಳೆಯ ಸ್ಯಾಲರಿ ಸ್ಲಿಪ್, ಎರಡು ವರ್ಷದ ನಿಮ್ಮ ಪಾಸ್‌ಬುಕ್ ಮೊದಲ ದಿನವೇ ಜೊತೆಗಿರಲಿ.

ಮನೆ ಸಾಲದ ಬಗ್ಗೆ ನೀವು ಕೇಳದ ಒಂದು ಮಾತು ಉಳಿದಿದೆ. ಆ ಸಾಲಕ್ಕೆ ನೀವೂ ಸಹ-ಸಾಲಗಾರರಾಗಿ ಸಹಿ ಹಾಕಿದ್ದಿರೇ? ಗೃಹಸಾಲ ಪಡೆಯುವಾಗ ಹೆಂಡತಿಯ ಸಹಿಯನ್ನೂ ಪಡೆಯುವುದು ಮಾಮೂಲು, ಹಾಕಿದವರಿಗೆ ಎಷ್ಟೋ ಸಲ ನೆನಪೂ ಇರುವುದಿಲ್ಲ. ನಿಮ್ಮ ಹೆಸರಿನ ಸಾಲಗಳ ವಿವರವಿರುವ ಸಿಬಿಲ್ ವರದಿ ತೆಗೆಸಿದರೆ ಗೊತ್ತಾಗುತ್ತದೆ. ಹೆಸರಿದ್ದರೆ, "ಸಾಲವನ್ನು ಪತಿಯೇ ತೀರಿಸತಕ್ಕದ್ದು" ಎಂದು ರಾಜಿ ಪತ್ರದಲ್ಲಿ ಬರೆದರೆ ಸಾಲದು. ಬ್ಯಾಂಕು ಆ ರಾಜಿಗೆ ಕಕ್ಷಿಯಲ್ಲ, ಪತಿ ಕಂತು ತಪ್ಪಿಸಿದರೆ ನಿಮ್ಮನ್ನೂ ಹಿಡಿಯುತ್ತದೆ. ಸಾಲದಿಂದ ನಿಮ್ಮ ಹೆಸರು ತೆಗೆದಿದ್ದಾಗಿ ಬ್ಯಾಂಕು ಕೊಡುವ ಪತ್ರ ಕೈಗೆ ಬರುವವರೆಗೆ ಒಪ್ಪಿಗೆಯ ವಿಚ್ಛೇದನದ ಎರಡನೇ ಅರ್ಜಿಗೆ ಸಹಿ ಹಾಕಬೇಡಿ.